ಮುಂದೊಂದು ಟೈರು, ಹಿಂದೊಂದು ಟೈರು

ಸೈಕಲ್ಲಿಗೆ ಎರಡು ಚಕ್ರ ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಆ ಎರಡಕ್ಕೂ ಬೇರೆ ಬೇರೆ ಟೈರು ಬೇಕು ಎಂಬುದು ಮಾತ್ರ ಮೌಂಟನ್ ಬೈಕಿನ ಹುಚ್ಚು ಹತ್ತಿದವರಿಗಷ್ಟೇ ಗೊತ್ತು. ನಮ್ಮಪ್ಪನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅಂಗಡಿಗೆ ಹೋಗಿ ‘28, ಒಂದೂವರೆ’ ಎಂದರೆ ಮುಗಿಯಿತು. ಅಂಗಡಿಯವನು ಮೇಲೆ ತೂಗುಹಾಕಿದ್ದ ಟೈರುಗಳಲ್ಲಿ ಒಂದನ್ನು ಕೋಲಿನಿಂದ ಇಳಿಸಿ ಕೊಡುತ್ತಿದ್ದ. ಅದು ಮುಂದಕ್ಕೂ ಆಗುತ್ತಿತ್ತು, ಹಿಂದಕ್ಕೂ ಆಗುತ್ತಿತ್ತು, ಆಯುಸ್ಸು ಮುಗಿದ ಮೇಲೆ ಹುಡುಗರು ಬಡಿದು ಓಡಿಸಲಿಕ್ಕೂ ಆಗುತ್ತಿತ್ತು. ಈಗ ನಾನು ಟೈರು ಕೇಳಿದರೆ ಕೌಂಟರಿನ ಹುಡುಗ ನನ್ನನ್ನೇ ವಿಚಾರಣೆಗೆ ನಿಲ್ಲಿಸುತ್ತಾನೆ. 26 ಇಂಚೋ, 27.5 ಇಂಚೋ, 29 ಇಂಚೋ? ಅಗಲ 2.25 ಸಾಕೋ, 2.5 ಬೇಕೋ? ಮೆತ್ತನೆ ರಬ್ಬರೋ ಗಟ್ಟಿಯದೋ? ಟ್ಯೂಬೋ ಟ್ಯೂಬ್‌ಲೆಸ್ಸೋ? ಇಷ್ಟಕ್ಕೂ ಬೆವರು ಒರೆಸಿಕೊಳ್ಳುತ್ತಾ ಉತ್ತರ ಕೊಟ್ಟ ಮೇಲೆ ಕೊನೆಯ ಬಾಣ: ‘ಮುಂದಕ್ಕಾ ಸಾರ್, ಹಿಂದಕ್ಕಾ?’

ಪ್ರಶ್ನೆ ತಮಾಷೆಯದಲ್ಲ. ಗುಡ್ಡ ಇಳಿಯುತ್ತಾ ಬ್ರೇಕ್ ಹಿಡಿದರೆ ಮೈಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ತಿರುವಿನಲ್ಲಿ ದಾರಿ ಹಿಡಿಯುವುದು ಅದೇ, ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲೂ ಅದರದೇ. ಹಿಂದಿನ ಟೈರು ಜಾರಿದರೆ ಸೈಕಲ್ಲು ಒಮ್ಮೆ ಸೊಂಟ ಕುಣಿಸಿ ಮತ್ತೆ ದಾರಿಗೆ ಬರುತ್ತದೆ. ನೋಡಿದವರು ‘ಏನ್ ಸ್ಟೈಲು!’ ಎನ್ನುತ್ತಾರೆ. ಮುಂದಿನದು ಜಾರಿದರೆ ಹಾಗೆನ್ನಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ, ಅಷ್ಟರಲ್ಲಿ ನೆಲ ಬಂದುಬಿಟ್ಟಿರುತ್ತದೆ. ಹಿಂದಿನದು ಜಾರಿದರೆ ಕಥೆ, ಮುಂದಿನದು ಜಾರಿದರೆ ಪ್ಲಾಸ್ಟರು. ಆದ್ದರಿಂದ ಮೆತ್ತನೆಯ ರಬ್ಬರು, ಅಂಚಿನಲ್ಲಿ ಎತ್ತರದ ಬಟನ್ನು (ಟೈರಿನ ಮೈಮೇಲೆ ಎದ್ದಿರುವ ರಬ್ಬರಿನ ಗುಬುಟು), ಅಗಲವಾದ ಮೈ ಇವೆಲ್ಲ ಮುಂದಿನ ಟೈರಿಗೆ ಸಲ್ಲುವ ಮರ್ಯಾದೆ.

ಹಿಂದಿನದು ದುಡಿಯುವ ಜೀವ. ಸೀಟಿನ ಮೇಲೆ ಕೂತು ತುಳಿಯುವಾಗ ನೂರರಲ್ಲಿ ಸುಮಾರು 60 ಪಾಲು ಭಾರ ಅದರ ಮೇಲೆ. ಏರಿನಲ್ಲಿ ಮಣ್ಣು ಕೆರೆದು ನಮ್ಮನ್ನು ಹತ್ತಿಸುವುದು ಅದು, ಕಲ್ಲಿನ ಚೂಪಿಗೆ ಹೆಚ್ಚು ಒಡ್ಡಿಕೊಳ್ಳುವುದೂ ಅದೇ, ಬೇಗ ಸವೆಯುವುದೂ ಅದೇ. ಅಲ್ಲಿ ಮೆತ್ತನೆಯ ರಬ್ಬರು ಹಾಕಿದರೆ ತುಳಿದಷ್ಟೂ ಅಂಟುತ್ತದೆ, ತೊಡೆ ಹರಿದುಹೋಗುತ್ತದೆ. ರಬ್ಬರಿನ ಗಡಸು ಅಳೆಯಲು ಶೋರ್ ಎಂಬ ಮಾನವಿದೆ. 42ರ ಆಸುಪಾಸಿನದು ಬಂಡೆಗೆ ಕಚ್ಚಿಕೊಳ್ಳುವ ಮೆದು ರಬ್ಬರು, 60ರದು ಸಲೀಸಾಗಿ ಉರುಳುವ, ಹೆಚ್ಚು ದಿನ ಬಾಳುವ ಗಟ್ಟಿ ರಬ್ಬರು. ಮೆದುವಾದದ್ದು ಮುಂದಕ್ಕೆ, ಗಟ್ಟಿಯದು ಹಿಂದಕ್ಕೆ. ಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಭಾಷ್ಯ.

ಈ ಶಾಸ್ತ್ರವನ್ನು ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಹಿರಿಯರು ಸುತರಾಂ ಒಪ್ಪುವುದಿಲ್ಲ. ಅವರ ಪ್ರಕಾರ ಹೊಸ ಟೈರು ಯಾವತ್ತಿದ್ದರೂ ಹಿಂದಕ್ಕೆ. ‘ಅಕ್ಕಿ ಮೂಟೆ ಇಡೋದು ಹಿಂದೆ, ಗ್ಯಾಸ್ ಸಿಲಿಂಡರ್ ಕಟ್ಟೋದು ಹಿಂದೆ, ಹೆಂಡತಿ ಕೂರೋದು ಹಿಂದೆ. ಮುಂದೆ ಏನೈತೆ, ಬೆಲ್ಲು!’ ಕ್ಯಾರಿಯರ್ ಇರುವ ಸೈಕಲ್ಲಿಗೆ ಇದು ನೂರಕ್ಕೆ ನೂರು ಸರಿ. ಕಾರಿನ ಟೈರು ಮಾರುವವರೂ ಅವರ ಪಕ್ಷವೇ. ಎರಡೇ ಹೊಸ ಟೈರು ಕೊಂಡರೆ ಹಿಂದಕ್ಕೆ ಹಾಕಿಸಿ, ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ ಎನ್ನುತ್ತಾರೆ. ಆದರೆ ಕಾರಿಗೆ ನಾಲ್ಕು ಕಾಲು, ಜಾರಿದರೂ ನಿಂತೇ ಜಾರುತ್ತದೆ. ನಮ್ಮದು ಮಲಗಿಬಿಡುವ ಜಾತಿ.

ಈ ಮೌಂಟನ್ ಬೈಕಿನ ಹುಚ್ಚಿನ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. 1970ರ ದಶಕದಲ್ಲಿ ಮರಿನ್ ಕೌಂಟಿಯ ಟಮಲ್ಪೈಸ್ ಬೆಟ್ಟದ ಆಸುಪಾಸಿನಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮುಂತಾದ ಯುವಕರು ದಪ್ಪ ಟೈರಿನ ಓಬೀರಾಯನ ಕಾಲದ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದಿಂದ ಕೆಳಕ್ಕೆ ಬಿಡುತ್ತಿದ್ದರು. 1976ರಲ್ಲಿ ಅದಕ್ಕೊಂದು ಪಂದ್ಯವೂ ಶುರುವಾಯಿತು, ಹೆಸರು ‘ರೀಪ್ಯಾಕ್’. ಒಂದು ಸಲ ಇಳಿದು ಮುಗಿಸುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸದಾಗಿ ತುಂಬಬೇಕಿತ್ತು; ಹೆಸರು ಬಂದದ್ದು ಹಾಗೆ. ಗ್ರೀಸಿನ ಚಿಂತೆಯಲ್ಲಿದ್ದವರಿಗೆ ಟೈರಿನ ಜೋಡಿಯ ಚಿಂತೆಗೆ ಸಮಯವೆಲ್ಲಿ? 26 ಇಂಚಿನ, 2.125 ಅಗಲದ ಟೈರು ಎರಡು ಸಿಕ್ಕರೆ ಅವರಿಗೆ ಹಬ್ಬ. 1990ರ ದಶಕದಲ್ಲಿ ಜಪಾನಿನ ಪ್ಯಾನರೇಸರ್ ಕಂಪನಿ ಮುಂದಕ್ಕೆ ‘ಡಾರ್ಟ್’, ಹಿಂದಕ್ಕೆ ‘ಸ್ಮೋಕ್’ ಎಂದು ಎರಡು ಬೇರೆ ಟೈರು ಮಾರುತ್ತಿತ್ತು. ಒಂದು ದಿಕ್ಕು ಹಿಡಿಯಲು, ಇನ್ನೊಂದು ಮಣ್ಣು ಕೆರೆಯಲು. ಮನುಷ್ಯನಿಗೆ ಒಂದು ಕಡೆ ಎರಡು ಆಯ್ಕೆ ಕೊಟ್ಟರೆ ನೆಮ್ಮದಿ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಅಲ್ಲಿಂದೀಚಿನ ಚರಿತ್ರೆಯೇ ಸಾಕ್ಷಿ.

ಆಯ್ಕೆಗಿಂತ ದೊಡ್ಡ ಗಂಡಾಂತರ ಹೆಸರುಗಳದು. ಜರ್ಮನಿಯ ಶ್ವಾಲ್ಬೆ ಕಂಪನಿಯವರು ಟೈರುಗಳಿಗೆ ನಾಮಕರಣ ಮಾಡುತ್ತಾರೆ: ನಾಬಿ ನಿಕ್, ಫ್ಯಾಟ್ ಆಲ್ಬರ್ಟ್, ಡರ್ಟಿ ಡ್ಯಾನ್. ರೇಸಿಂಗ್ ರೇ ಮುಂದಕ್ಕೆ, ರೇಸಿಂಗ್ ರಾಲ್ಫ್ ಹಿಂದಕ್ಕೆ. ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು, ಮ್ಯಾಜಿಕ್ ಮೇರಿ ಮುಂದಕ್ಕೆ, ಬಿಗ್ ಬೆಟ್ಟಿ ಹಿಂದಕ್ಕೆ ಎಂಬ ಜೋಡಿಯೂ ಇದೆ. ನನ್ನ ಸ್ನೇಹಿತನೊಬ್ಬ ಒಂದು ದಿನ ಫೋನಿನಲ್ಲಿ ದನಿ ತಗ್ಗಿಸಿ, ‘ಮೇರೀನ ಇಟ್ಕೊಂಡು ವರ್ಷ ಆಯ್ತಲ್ಲ, ಈಗ ಬೆಟ್ಟೀನೂ ಬಂದಿದಾಳೆ. ಮನೇಲಿ ಇನ್ನೂ ಹೇಳಿಲ್ಲ’ ಎನ್ನುತ್ತಿದ್ದದ್ದು ಅಡುಗೆಮನೆಯಲ್ಲಿದ್ದ ಅವನ ಅತ್ತೆಯ ಕಿವಿಗೆ ಬಿತ್ತು. ಆಮೇಲೆ ನಡೆದ ಮಹಾಭಾರತದಲ್ಲಿ ಅವನು ಬಾಲ್ಕನಿಗೆ ಎಲ್ಲರನ್ನೂ ಕರೆದೊಯ್ದು ಎರಡು ಟೈರುಗಳನ್ನೂ ಸಾಕ್ಷಿಯಾಗಿ ತೋರಿಸಬೇಕಾಯಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಹೆಂಡತಿ ಟೈರಿನ ಬೆಲೆ ಕೇಳಿದಳು. ಅದು ಗೊತ್ತಾದ ಮೇಲೆ, ಮೊದಲಿನ ಸುದ್ದಿಯೇ ವಾಸಿಯಿತ್ತು ಎಂಬ ಮುಖ ಮಾಡಿಕೊಂಡು ಎಲ್ಲರೂ ಒಳಗೆ ಹೋದರು. ಒಳ್ಳೆಯ ಜೋಡಿಯೊಂದರ ದುಡ್ಡಿಗೆ ಸಾಧಾರಣವಾದ ಹೊಸ ಸೈಕಲ್ಲೇ ಬರುತ್ತದೆ, ಅವರದೇನೂ ತಪ್ಪಿಲ್ಲ.

ತೈವಾನಿನ ಮ್ಯಾಕ್ಸಿಸ್ ಕಂಪನಿಯವರು ಈ ವಿಷಯದಲ್ಲಿ ಗಂಭೀರರು. ಅವರ ಮಿನಿಯನ್ ಟೈರಿನಲ್ಲಿ ಡಿಎಚ್‌ಎಫ್, ಡಿಎಚ್‌ಆರ್ ಎಂದು ಎರಡು ಬಗೆ. ಡಿಎಚ್ ಎಂದರೆ ಡೌನ್‌ಹಿಲ್, ಎಫ್ ಎಂದರೆ ಫ್ರಂಟ್, ಆರ್ ಎಂದರೆ ರಿಯರ್. ಎಲ್‌ಕೆಜಿ ಮಗುವಿಗೂ ತಿಳಿಯುವ ಹಾಗೆ ಅಕ್ಷರದಲ್ಲೇ ಬರೆದುಕೊಟ್ಟಿದ್ದಾರೆ. ಆದರೂ ಸವಾರರಲ್ಲಿ ಒಂದು ಬಣ ಡಿಎಚ್‌ಆರ್ ಅನ್ನು ಮುಂದಕ್ಕೆ ಹಾಕುತ್ತದೆ, ಅದರ ಬ್ರೇಕ್ ಹಿಡಿತ ಹೆಚ್ಚು ಎಂದು. ಇನ್ನೊಂದು ಬಣ ಡಿಎಚ್‌ಎಫ್ ಅನ್ನು ಹಿಂದಕ್ಕೂ ಹಾಕುತ್ತದೆ, ಸಲೀಸಾಗಿ ಉರುಳುತ್ತದೆ ಎಂದು. ಇವರ ನಡುವೆ ದಕ್ಷಿಣ ಆಫ್ರಿಕಾದ ಡೌನ್‌ಹಿಲ್ ಚಾಂಪಿಯನ್ ಗ್ರೆಗ್ ಮಿನ್ನಾರ್ ಜೊತೆಗೂಡಿ ಕಂಪನಿ ‘ಅಸೆಗಾಯ್’ ಎಂಬ ಇನ್ನೊಂದು ಟೈರು ಬಿಟ್ಟಿತು. ಹಾಗೆಂದರೆ ಅಲ್ಲಿನ ಈಟಿ. ಜಗಳಕ್ಕೆ ಆಯುಧವೂ ಸಿಕ್ಕಂತಾಯಿತು.

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಅಂಚಿನ ತುರಹಳ್ಳಿ ಕಡೆ ಹೋದರೆ ಈ ಪಂಥದವರೆಲ್ಲ ಒಂದೇ ಕಡೆ ಸಿಗುತ್ತಾರೆ. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡ ಒಬ್ಬರು ಇನ್ನೊಬ್ಬರ ಸೈಕಲ್ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮುಂದಿನ ಟೈರಿನ ಅಂಚಿನ ಬಟನ್ನೊಂದನ್ನು ಹೆಬ್ಬೆರಳಿನಿಂದ ಮಡಿಸುತ್ತಾರೆ. ಬಟನ್ನಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ‘ಇದು ಹೋಯ್ತು’ ಎಂದು ನಾಡಿ ನೋಡಿದ ಪಂಡಿತರ ಧಾಟಿಯಲ್ಲಿ ತಲೆಯಾಡಿಸುತ್ತಾರೆ. ಸೈಕಲ್ಲಿನ ಯಜಮಾನರಿಗೆ ಸಿಟ್ಟು. ‘ಬಟನ್ನು ಚೆನ್ನಾಗೇ ಇದೆ. ನಡುವಿನ ಸಾಲಿಗೂ ಅಂಚಿನ ಸಾಲಿಗೂ ಮಧ್ಯೆ ಜಾಗ ಜಾಸ್ತಿ, ಅಲ್ಲಿ ಜಾರುತ್ತೆ.’ ‘ನೀವು ಪೂರ್ತಿ ವಾಲಿಸಲ್ಲ ಸಾರ್. ವಾಲಿಸಿದ್ರೆ ಅಂಚು ಹಿಡಿಯುತ್ತೆ.’ ವಾಲಿಸಬೇಕೋ ಬೇಡವೋ ಎಂಬ ಈ ವಾದ ಇಡ್ಲಿ ಅಂಗಡಿಯವರೆಗೂ ಮುಂದುವರಿಯುತ್ತದೆ. ಸೈಕಲ್ ತುಳಿದದ್ದಕ್ಕಿಂತ ಅದರ ಬಗ್ಗೆ ಆಡಿದ್ದೇ ಹೆಚ್ಚು. ಆರೋಗ್ಯಕ್ಕೆ ಅದೂ ಒಳ್ಳೆಯದೇ.

ಅವರನ್ನು ದೂರಿ ಪ್ರಯೋಜನವಿಲ್ಲ, ನಮ್ಮ ನಾಡಿನ ಮಣ್ಣೇ ಹಾಗೆ. ತುರಹಳ್ಳಿಯಲ್ಲಿ ಬಂಡೆಯ ಮೇಲೆ ನೊರಜುಗಲ್ಲು ಹರಡಿರುತ್ತದೆ; ಅಲ್ಲಿ ಒತ್ತೊತ್ತಾದ ಗಿಡ್ಡ ಬಟನ್ನು ವಾಸಿ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹೋದರೆ ಒದ್ದೆ ಬೇರು, ಕೊಳೆತ ಎಲೆ, ಜೊತೆಗೆ ಜಿಗಣೆ. ಅಲ್ಲಿ ಬಟನ್ನು ಎತ್ತರವಿರಬೇಕು, ಒಂದಕ್ಕೊಂದು ದೂರವಿರಬೇಕು, ಇಲ್ಲವಾದರೆ ಕೆಸರು ಮೆತ್ತಿಕೊಂಡು ಉದುರುವುದಿಲ್ಲ. ಸೈಕ್ಲಿಂಗಿನ ತವರು ಎನಿಸಿಕೊಂಡ ವಿಜಯಪುರ, ಬಾಗಲಕೋಟೆ ಸೀಮೆಗೆ ಬಂದರೆ ಎರೆಮಣ್ಣು. ಬೇಸಗೆಯಲ್ಲಿ ಅದು ರಸ್ತೆಗಿಂತ ಗಟ್ಟಿ. ಒಂದು ಮಳೆ ಬಿದ್ದರೆ ಟೈರು, ಬ್ರೇಕು, ಫ್ರೇಮು ಎಲ್ಲ ಒಂದೇ ಉಂಡೆ. ಎರೆಮಣ್ಣಿಗೆ ಟೈರು ಕಂಡುಹಿಡಿಯುವವರು ಇನ್ನೂ ಹುಟ್ಟಬೇಕು. ಅಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರುವುದೊಂದೇ ದಾರಿ, ಆಗ ಯಾವ ಟೈರಾದರೂ ಒಂದೇ. ಇನ್ನು ಬಳ್ಳಾರಿ ಜಾಲಿ ಬಯಲುಸೀಮೆಯಲ್ಲೆಲ್ಲ ಇದೆ. ಅದರ ಮುಳ್ಳಿಗೆ ಮುಂದು ಹಿಂದು, ತೈವಾನು ಜರ್ಮನಿ ಎಂಬ ಭೇದವಿಲ್ಲ. ಟ್ಯೂಬ್ ತೆಗೆದುಹಾಕಿ, ಟೈರಿನೊಳಗೆ ತೂತು ಮುಚ್ಚುವ ಲ್ಯಾಟೆಕ್ಸ್ ದ್ರವ ಸುರಿದುಕೊಂಡವರು ಮಾತ್ರ ಸೈಕಲ್ ಮೇಲೆಯೇ ಮನೆಗೆ ಬರುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿ ಜೋಡಿ ಕೂಡಿಸಿದವರೂ ಗಾಳಿಯ ಹತ್ತಿರ ಎಡವುತ್ತಾರೆ. ಎಪ್ಪತ್ತು ಕಿಲೋ ತೂಗುವವರಿಗೆ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 22 ಪಿಎಸ್‌ಐ, ಹಿಂದೆ 25 ಇದ್ದರೆ ಸಾಮಾನ್ಯವಾಗಿ ಸಾಕು. ನಮ್ಮ ಬೀದಿಯ ಹಿರಿಯರಿಗೆ ಅದು ಗಾಳಿಯೇ ಅಲ್ಲ. ಟೈರನ್ನು ಹೆಬ್ಬೆರಳಿನಿಂದ ಒತ್ತಿ, ನನ್ನ ಮುಖವನ್ನು ಕನಿಕರದಿಂದ ನೋಡಿ, ಕಂಪ್ರೆಸರಿನ ಪೈಪು ಹಿಡಿದುಬರುತ್ತಾರೆ. ಸೈಕಲ್ಲಿನ ಸಪೂರ ಪ್ರೆಸ್ಟಾ ವಾಲ್ವಿಗೆ ಅವರ ಪೈಪು ಕೂರುವುದಿಲ್ಲ, ಹಾಗಾಗಿ ಬಚಾವು. ಆರು ಸಾವಿರದ ಟೈರಿಗೆ ಐವತ್ತು ಪಿಎಸ್‌ಐ ತುಂಬಿದರೆ ಅದರ ಬಟನ್ನು ನೆಲ ಹಿಡಿಯುವುದಿಲ್ಲ, ಪುಟಿಯುತ್ತದೆ. ಸರಿಯಾದ ಗಾಳಿ ತುಂಬಿದ ಸಾಧಾರಣ ಟೈರು ಅದಕ್ಕಿಂತ ಎಷ್ಟೋ ಮೇಲು.

ಆದ್ದರಿಂದ ಕೇಳಿದವರಿಗೆಲ್ಲ ನನ್ನ ತೀರ್ಪು ಇಷ್ಟು. ಕೈಯಲ್ಲಿರುವ ಹಣಕ್ಕೆ ಸಿಗುವ ಅತ್ಯುತ್ತಮ ಟೈರನ್ನು ಮುಂದಕ್ಕೆ ಹಾಕಿ. ಹಿಂದಿನದು ಸವೆದ ದಿನ ಮುಂದಿನದನ್ನು ಹಿಂದಕ್ಕೆ ದಾಟಿಸಿ, ಹೊಸದನ್ನು ಮತ್ತೆ ಮುಂದಕ್ಕೇ ತನ್ನಿ. ಹಾಕುವಾಗ ಬದಿಯಲ್ಲಿರುವ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೆ ಇದೆಯೇ ನೋಡಿಕೊಳ್ಳಿ. ಉಳಿದ ದುಡ್ಡಿಗೆ ಗಾಳಿ ಅಳೆಯುವ ಗೇಜು ಕೊಳ್ಳಿ. ಮನೆಯಲ್ಲಿ ಬೆಲೆ ಕೇಳಿದರೆ ಹಿಂದಿನ ಟೈರಿನದ್ದನ್ನಷ್ಟೇ ಹೇಳಿ.