ಬಾಲಕ್ಕೊಂದು ಇ.ಡಿ.

ಈಗ ಪೇಪರಿನಲ್ಲಿ ‘ಇ.ಡಿ.’ ಎಂದು ಕಂಡರೆ ಸಾಕು, ಯಾರ ಮನೆ ಮೇಲೆ ದಾಳಿಯಾಯಿತೋ ಎಂದು ಜನ ಕಣ್ಣರಳಿಸುತ್ತಾರೆ. ನನಗೆ ಮಾತ್ರ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾಗುತ್ತಾರೆ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರುಮಾಡಿ, ಏಳನೆಯದಕ್ಕೆ ಬರುವಷ್ಟರಲ್ಲಿ ಕಾಲಗಳ ಕಾಟಕ್ಕೆ ಸಿಕ್ಕಿದ್ದ ನಮಗೆ ಅವರು ಅಭಯ ಕೊಟ್ಟಿದ್ದರು: “ಹೆದರ್ಬೇಡ್ರೋ. ಹಾಡು ಅನ್ನೋದಕ್ಕೆ ನಾವು ‘ಇದ’ ಹಚ್ಚಿ ಹಾಡಿದ ಅನ್ನಲ್ವಾ? ಹಾಗೇ ಅವರು ಬಾಲಕ್ಕೊಂದು ಇ.ಡಿ. ಹಚ್ತಾರೆ. ಅಷ್ಟೇ.” ಆ ಇ.ಡಿ.ಯ ಕೆಲಸವೂ ಇದೇ ಆಗಿತ್ತೆನ್ನಿ: ವರ್ತಮಾನದಲ್ಲಿ ಮೆರೆಯುತ್ತಿದ್ದವರನ್ನು ಭೂತಕಾಲಕ್ಕೆ ತಳ್ಳುವುದು.

ಹಚ್ಚಿದೆವು. ಹಚ್ಚಿದ್ದನ್ನು ಕಂಡಂತೆಯೇ ಓದಿದೆವು: ವಾಕೆಡ್, ಲುಕೆಡ್, ಹೆಲ್ಪೆಡ್. ಪಟ್ಟಣದ ಕಾಲೇಜಿನಲ್ಲಿ ಎದ್ದು ನಿಂತು ಹೀಗೆ ಓದಿದ ದಿನ ಮುಂದಿನ ಬೆಂಚು ಮುಸಿಮುಸಿ ನಕ್ಕಿತು. ಒಂದೇ ಇ.ಡಿ.ಗೆ ಮೂರು ದನಿ ಎಂದು ತಿಳಿದದ್ದು ಆಮೇಲೆ. ವಾಕ್, ಹೆಲ್ಪ್‌ಗಳ ಹಿಂದೆ ಅದು ‘ಟ್’ ಎಂದು ಪಿಸುಗುಟ್ಟುತ್ತದೆ. ಪ್ಲೇ, ಕಾಲ್‌ಗಳ ಹಿಂದೆ ‘ಡ್’ ಎನ್ನುತ್ತದೆ. ವಾಂಟ್, ನೀಡ್‌ಗಳಂತೆ ಟಕಾರ ಡಕಾರಗಳಲ್ಲಿ ನಿಲ್ಲುವ ಪದ ಸಿಕ್ಕರೆ ಮಾತ್ರ ‘ಇಡ್’ ಎಂದು ಪೂರ್ತಿ ಬಾಯಿ ಬಿಡುತ್ತದೆ. ಅವಮಾನಕ್ಕೆ ಮುಲಾಮು ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್ 1712ರಲ್ಲಿ ಒಂದು ಉದ್ದನೆಯ ಪತ್ರ ಅಚ್ಚುಹಾಕಿಸಿ, ಜನ ‘ಡಿಸ್ಟರ್ಬ್ಡ್’, ‘ರಿಬ್ಯೂಕ್ಡ್’ ಎಂದು ನಡುವಿನ ಸ್ವರ ನುಂಗಿ ಭಾಷೆ ಕೆಡಿಸುತ್ತಿದ್ದಾರೆಂದು ಗೋಳಾಡಿದ್ದನಂತೆ. ನಮ್ಮ ಹಳ್ಳಿ ಶಾಲೆಯ ‘ವಾಕೆಡ್’ ಕಿವಿಗೆ ಬಿದ್ದಿದ್ದರೆ ಆ ಮಹಾಶಯ ಬೆನ್ನು ತಟ್ಟುತ್ತಿದ್ದ.

ಮುಂದಿನ ಕಂಟಕ ‘ಡಿಡ್’. “ಐ ಡಿಡ್ ನಾಟ್ ಪ್ಲೇಡ್” ಎಂದು ಬರೆದು ತೋರಿಸಿದೆ. ಮೇಷ್ಟ್ರು ಸ್ಲೇಟು ನೋಡಿ, “ಡಿಡ್ ಒಳಗೇ ಭೂತ ಕೂತಿದೆ ಕಣೋ, ಒಂದೇ ಮನೇಲಿ ಎರಡು ಭೂತ ಯಾಕೆ ಸಾಕ್ತೀಯ?” ಎಂದರು. ಅಂದಿನಿಂದ ‘ಡಿಡ್’ ಕಂಡಲ್ಲೆಲ್ಲ ಇ.ಡಿ. ಅಳಿಸುವುದು ರೂಢಿಯಾಯಿತು.

ಆ ಕಾಲದಲ್ಲಿ ಕ್ರಿಯಾಪದಗಳನ್ನು ಮಗ್ಗಿಯಂತೆ ಗಟ್ಟಿಯಾಗಿ ಹೇಳಬೇಕಿತ್ತು. ಮಾದರಿಗೆ ಹಳೆಯ ವ್ಯಾಕರಣಗಳು ಆರಿಸಿಕೊಂಡಿದ್ದ ಪದ ‘ಲವ್’. ಲ್ಯಾಟಿನ್ ಕಲಿಯುವವರು ‘ಅಮೋ, ಅಮಾಸ್, ಅಮಾತ್’ ಎಂದು ಪ್ರೀತಿಯಿಂದಲೇ ಶುರುಮಾಡುತ್ತಿದ್ದರು. ಲಿಂಡ್ಲಿ ಮರ್ರೆ 1795ರಲ್ಲಿ ಯಾರ್ಕ್‌ನ ಹುಡುಗಿಯರ ಶಾಲೆಗೆಂದು ಬರೆದ ವ್ಯಾಕರಣವೂ ಅದೇ ಜಾಡು ಹಿಡಿಯಿತು. ಅಲ್ಲಿಂದ ಇಳಿದು ಇಳಿದು ಅದು ನಮ್ಮ ಜಗಲಿಗೂ ಬಂತು. ಲಾಟೀನಿನ ಮುಂದೆ ಕೂತು “ಐ ಲವ್, ಐ ಲವ್ಡ್, ಐ ಹ್ಯಾವ್ ಲವ್ಡ್” ಎಂದು ನಾನು ಅರಚುತ್ತಿದ್ದರೆ, ಬತ್ತಿ ಹೊಸೆಯುತ್ತಿದ್ದ ಅಜ್ಜಿ ಕೇಳಿದರು:

“ಏನೋ ಅದು?”

“ಪ್ರೀತಿಸೋದು ಅಜ್ಜಿ. ಹನ್ನೆರಡು ಥರ ಇದೆ.”

“ಹನ್ನೆರಡಾ! ಸದ್ಯ, ಪುಸ್ತಕದಲ್ಲೇ ಮಾಡಿ ಮುಗಿಸಿಬಿಡಪ್ಪ.”

ಪಟ್ಟಿಯ ಮುಂದಿನ ಪುಟದಲ್ಲಿ ಕರ್ಮಣಿ ಪ್ರಯೋಗವಿತ್ತು. ಅಲ್ಲಿ ನಾಲ್ಕು ಮನೆಗಳಲ್ಲಿ ಪದವಿಲ್ಲ, ಬರೀ ಅಡ್ಡಗೆರೆ. ಪ್ರೀತಿಸುವುದಕ್ಕೆ ಹನ್ನೆರಡು ದಾರಿ, ಪ್ರೀತಿಸಿಕೊಳ್ಳುವುದಕ್ಕೆ ಎಂಟೇ. ಈ ಲೆಕ್ಕ ಸರಿಯೆಂದು ಮುಂದೆ ಬದುಕೂ ಒಪ್ಪಿಕೊಂಡಿತು.

ಅಜ್ಜಿಗೆ ಒಪ್ಪಿಗೆಯಾಗದ್ದು ಬೇರೆಯೇ ಒಂದಿತ್ತು. ನಮ್ಮಲ್ಲಿ ಆಡಿದ, ಆಡಿದಳು, ಆಡಿತು, ಆಡಿದರು ಎಂದು ಆಡಿದವರನ್ನು ನೋಡಿ ಬಾಲ ಬದಲಾಗುತ್ತದೆ. ಅವರಲ್ಲಿ ಎಲ್ಲರಿಗೂ ‘ಪ್ಲೇಡ್’ ಒಂದೇ ಎಂದೆ. “ನಿಮ್ಮ ತಾತನಿಗೂ ಕೊಟ್ಟಿಗೆ ಕರುವಿಗೂ ಒಂದೇನಾ?” ಎಂದು ಅಜ್ಜಿ ಬತ್ತಿ ಹೊಸೆಯುವುದನ್ನೇ ನಿಲ್ಲಿಸಿದರು.

ಇ.ಡಿ.ಯ ಈ ಶಿಸ್ತಿಗೆ ಒಗ್ಗದ ಪದಗಳು ಇಂಗ್ಲಿಷಿನಲ್ಲಿ ಹಿಂದೆ ಇನ್ನೂ ಹೆಚ್ಚಿದ್ದವು. ‘ಹೆಲ್ಪ್’ ಎಂಬ ಸಾಧು ಪದವೂ ಒಂದು ಕಾಲಕ್ಕೆ ‘ಹೋಲ್ಪ್’ ಎಂದು ಡೊಂಕಾಗುತ್ತಿತ್ತು; ಕ್ರಮೇಣ ಇ.ಡಿ.ಗೆ ಶರಣಾಯಿತು. ಹಳೆಯ ಇಂಗ್ಲಿಷಿನ 177 ಡೊಂಕು ಕ್ರಿಯಾಪದಗಳ ಜಾಡು ಹಿಡಿದು ಹೋದವರು, ಅವುಗಳಲ್ಲಿ 98 ಮಾತ್ರ ಇಂದಿಗೂ ಡೊಂಕಾಗಿವೆ ಎಂದು 2007ರಲ್ಲಿ ಎಣಿಸಿ ಹೇಳಿದರು. ಗೋ, ಕಮ್, ಈಟ್, ಗಿವ್‌ಗಳಂತೆ ದಿನವೂ ಬಾಯಲ್ಲಿ ಉರುಳುವವು ಹಳೆಯ ಚಾಳಿಯಲ್ಲೇ ಉಳಿದವು. ಅಪರೂಪದವು ಸಾಲಿಗೆ ಬಂದು ನಿಂತವು. ನಮ್ಮಲ್ಲೂ ಅಷ್ಟೇ: ಬಾ, ಕೊಡು, ತಿನ್ನು, ನಗು, ಏಳು — ಬಂದ, ಕೊಟ್ಟ, ತಿಂದ, ನಕ್ಕ, ಎದ್ದ. ಮನೆಯ ಹಿರಿಯರಿಗೆ ನಿಯಮ ಹೇಳುವವರಾರು?

ನಿಯಮ ಪಾಲಿಸುವುದು ಹೊಸಬರು. ತಂಗಿಯ ಮೂರು ವರ್ಷದ ಮಗಳು “ಮಾಮ, ಅಮ್ಮ ಚಾಕ್ಲೇಟ್ ಕೊಡಿದ್ಲು” ಎನ್ನುತ್ತಾಳೆ. ತಪ್ಪೆನ್ನಲು ನಾಲಿಗೆ ಬರುವುದಿಲ್ಲ. ವ್ಯಾಕರಣವನ್ನು ಅವಳಷ್ಟು ನಂಬಿದವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಭಾಷೆಗೆ ಹೊಸದಾಗಿ ಬಂದ ಪದಗಳೂ ಹಾಗೆಯೇ: ಅವರು ‘ಗೂಗಲ್ಡ್’ ಎಂದರು, ನಾವು ‘ಗೂಗಲಿಸಿದೆವು’. ಇನ್ನು ಕನ್ನಡಿಗರ ಕೈಗೆ ಸಿಕ್ಕ ಇಂಗ್ಲಿಷ್ ಪದದ ಡೊಂಕಂತೂ ಒಂದೇ ಏಟಿಗೆ ನೆಟ್ಟಗಾಗುತ್ತದೆ. ಡ್ರೈವ್ ಹೋಗಿ ಡ್ರೋವ್ ಆಗುವುದನ್ನು, ಸೆಂಡ್ ಹೋಗಿ ಸೆಂಟ್ ಆಗುವುದನ್ನು ಕಾಯುವಷ್ಟು ವ್ಯವಧಾನ ನಮಗಿಲ್ಲ. ಡ್ರೈವ್ ಮಾಡಿದೆ, ಸೆಂಡ್ ಮಾಡಿದೆ, ಮುಗಿಯಿತು. ಇಂಗ್ಲಿಷರಿಂದ ಆಗದ ರಿಪೇರಿ ನಮ್ಮ ‘ಮಾಡು’ವಿನಿಂದ ಆಗಿದೆ.

ಲಾಟೀನಿನ ಮುಂದೆ ಅರಚುತ್ತಿದ್ದ ಆ ರಾತ್ರಿ ಹನ್ನೆರಡೂ ಕಾಲಗಳು ಬಾಯಿಗೆ ಬರುವಷ್ಟರಲ್ಲಿ ಅಜ್ಜಿ ಒಳಗಿನಿಂದ ಕೂಗಿದರು: “ಊಟಕ್ಕೆ ಬಾರೋ, ಸಾರು ಆರೋಗ್ತಿದೆ.” ನಾನು ಪುಸ್ತಕದಿಂದ ತಲೆ ಎತ್ತದೆ, ಚಾಪೆಯಿಂದ ಒಂದಿಂಚೂ ಕದಲದೆ, “ಬಂದೆ ಅಜ್ಜೀ” ಎಂದೆ. ಇನ್ನೂ ಏಳದವನು ಆಗಲೇ ‘ಬಂದೆ’ ಎನ್ನುವ ಈ ಕಾಲ ಯಾವ ಮನೆಗೆ ಸೇರುತ್ತದೆಂದು ಪಟ್ಟಿಯಲ್ಲಿ ಹುಡುಕತೊಡಗಿದೆ. ಅಷ್ಟರಲ್ಲಿ ಸಾರು ಆರಿತು.