ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಆಂಗ್ಲ ವಿಶೇಷಣಗಳ ತಾರತಮ್ಯ ಮೀಮಾಂಸೆ

ಆಂಗ್ಲ ವೈಯಾಕರಣರು ವಿಶೇಷಣಗಳಿಗೆ ಪಾಸಿಟಿವ್, ಕಂಪ್ಯಾರಟಿವ್, ಸೂಪರ್ಲೇಟಿವ್ ಎಂಬ ಮೂರೇ ಅವಸ್ಥೆಗಳನ್ನು ಏಕೆ ವಿಧಿಸಿದರೆಂಬುದನ್ನು ಎಲ್ಲಿಯೂ ವಿವರಿಸಿಲ್ಲವಾದರೂ, ಭೀಮಾ-ಕೃಷ್ಣೆಯರ ಸೀಮೆಯಲ್ಲಿ ಪರಸ್ಪರ ಸೋಲದ ಊರುಗಳು ಮೂರಿರುವುದನ್ನು ಕಂಡ ಮೇಲೆ, ಕಾರಣವನ್ನು ಬೇರೆಲ್ಲಿಯೂ ಅರಸಬೇಕಾಗಿಲ್ಲವೆಂದು ನಾವು ಭಾವಿಸುತ್ತೇವೆ.

ಪ್ರಥಮ ಸೂತ್ರ: ಗಿಡ್ಡ ಪದಕ್ಕೆ ‘ಅರ್’, ‘ಎಸ್ಟ್’, ನೀಳ ಪದಕ್ಕೆ ‘ಮೋರ್’, ‘ಮೋಸ್ಟ್’.

ವೃತ್ತಿ: ವೈಶಾಖದ ಮಧ್ಯಾಹ್ನದಲ್ಲಿ ಈ ಸೀಮೆಯವರು ‘ಮೋರ್’ ಎಂಬಷ್ಟು ಉಸಿರನ್ನೂ ವ್ಯಯಿಸಲಾರರಾದುದರಿಂದ ‘ಹಾಟ್’ ಎಂಬುದು ‘ಹಾಟರ್’, ‘ಹಾಟೆಸ್ಟ್’ ಎಂದು ಹ್ರಸ್ವಮಾರ್ಗವನ್ನೇ ಹಿಡಿಯಿತು, ‘ಬ್ಯೂಟಿಫುಲ್’ ಎಂಬುದಾದರೋ ಬೋನಾಳದ ಕೆರೆಗೆ ಹಕ್ಕಿಗಳಿಳಿಯುವ ಚಳಿಗಾಲದ ಪದವಾದುದರಿಂದ ‘ಮೋರ್’, ‘ಮೋಸ್ಟ್’ ಎಂಬ ಪರಿವಾರದೊಡನೆ ಸಾವಕಾಶವಾಗಿ ಸಂಚರಿಸುತ್ತದೆ.

ದ್ವಿತೀಯ ಸೂತ್ರ: ಒಂದು ತಲೆಗೆ ಎರಡು ಕಿರೀಟ ಸಲ್ಲದು.

ವೃತ್ತಿ: ‘ಮೋರ್ ಬೆಟರ್’, ‘ಮೋಸ್ಟ್ ಬಿಗ್ಗೆಸ್ಟ್’ ಮೊದಲಾದವು ವರ್ಜ್ಯ. ಷೇಕ್ಸ್‌ಪಿಯರ್ ಮಹಾಶಯನೇ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಇಂತಹ ಜೋಡಿ ಕಿರೀಟವನ್ನು ತೊಡಿಸಿದ್ದನಾದರೂ, 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಪಾದ್ರಿ ಅದನ್ನು ನಿಷೇಧಿಸಿ, ಪರಮಾತ್ಮನೊಬ್ಬನನ್ನು ‘ಮೋಸ್ಟ್ ಹೈಯೆಸ್ಟ್’ ಎನ್ನುವುದು ಮಾತ್ರ ಉಚಿತವೆಂದನು. ಈ ವಿನಾಯಿತಿಯನ್ನು ನಾಯಕರ ಹುಟ್ಟುಹಬ್ಬದ ಬ್ಯಾನರುಗಳು ನಿಸ್ಸಂಕೋಚವಾಗಿ ತಮಗೂ ಅನ್ವಯಿಸಿಕೊಂಡಿವೆ.

ತೃತೀಯ ಸೂತ್ರ: ಇಬ್ಬರಿಗೆ ಕಂಪ್ಯಾರಟಿವ್, ಮೂವರಿಗೆ ಸೂಪರ್ಲೇಟಿವ್.

ಇಲ್ಲಿಯೇ ಪೂರ್ವಪಕ್ಷಗಳು ತಲೆಯೆತ್ತುತ್ತವೆ. ರಾಜ್ಯದ 30ನೆಯ ಜಿಲ್ಲೆಯ ಕೇಂದ್ರವೂ ರೈಲು ನಿಲ್ಲುವ ಊರೂ ತಾನೊಂದೇ ಆದುದರಿಂದ ‘ಬೆಸ್ಟ್’ ತನಗೇ ಸಲ್ಲತಕ್ಕದ್ದೆಂದು ಯಾದಗಿರಿಯು ವಾದಿಸಿದರೆ, ಆಂಗ್ಲ ಕಾದಂಬರಿಕಾರ ಮೆಡೋಸ್ ಟೇಲರನು 1841ರಲ್ಲಿಯೇ ಬಂದು, ಬಾಲರಾಜ ವೆಂಕಟಪ್ಪನಾಯಕನಿಂದ ‘ಅಪ್ಪಾ’ ಎನ್ನಿಸಿಕೊಂಡು, ಸುರಪುರದ ನೆಲದಲ್ಲಿ ಬಂಗಲೆಯನ್ನೂ ಕಟ್ಟಿಸಿದ್ದರಿಂದ ಆಂಗ್ಲಪದವಾವುದನ್ನು ಯಾರಿಗೆ ಹಂಚಬೇಕೆಂಬ ಅಧಿಕಾರವೇ ತನ್ನದೆಂದು ಸುರಪುರವು ಪ್ರತಿಪಾದಿಸುತ್ತದೆ. ಇವೆರಡರ ನಡುವಿನ ಶಹಾಪುರವು ‘ಬೆಟರ್’ ಎಂಬ ಮಧ್ಯಮಪದವಿಗೆ ತೃಪ್ತಿಪಡಲೆಂದರೆ, ತನ್ನ ಗುಡ್ಡಸಾಲಿನ ರೂಪದಲ್ಲಿ ಬುದ್ಧನೇ ಪವಡಿಸಿರುವುದನ್ನು ತೋರಿಸಿ, ಇದಕ್ಕೆ ಸಮನಾದುದನ್ನು ತಂದ ಮೇಲೆ ತುಲನೆಯ ಮಾತಾಡಿರೆನ್ನುತ್ತದೆ. ಬುದ್ಧನಾದರೋ ಮೂರೂ ವಾದಗಳನ್ನು ಕೇಳಿಯೂ ಎದ್ದು ಕೂತಿಲ್ಲ.

ಸಿದ್ಧಾಂತ: ಇಂತಹ ಸಂಕಟಕ್ಕೆಂದೇ ಆಂಗ್ಲರು ‘ಒನ್ ಆಫ್ ದ ಬೆಸ್ಟ್’ ಎಂಬ ಸಂಧಾನಸೂತ್ರವನ್ನು ರಚಿಸಿದ್ದು, ಅದರಿಂದ ಮೂರೂ ಊರುಗಳು ಒಮ್ಮೆಗೇ ಅಗ್ರಪೀಠವನ್ನೇರಬಹುದಾಗಿದೆ. ಆದರೆ ಅದರ ಅನಂತರ ಬರುವ ನಾಮಪದವು ‘ಟೌನ್ಸ್’ ಎಂದು ಬಹುವಚನದಲ್ಲಿಯೇ ಇರತಕ್ಕದ್ದೆಂಬ ನಿಯಮವನ್ನು ಈ ಸೀಮೆಯ ವಿದ್ಯಾರ್ಥಿಗಳು ಪಾಲಿಸದೆ, ‘ಒನ್ ಆಫ್ ದ ಬೆಸ್ಟ್ ಟೌನ್’ ಎಂದೇ ಬರೆಯುತ್ತಾರೆಂದು ಮೇಷ್ಟರುಗಳು ಹಲುಬುವುದುಂಟು. ಅದು ಅಜ್ಞಾನವಲ್ಲ, ಉಳಿದೆರಡು ಊರುಗಳನ್ನು ಲೆಕ್ಕಕ್ಕೆ ಹಿಡಿಯಲು ಆ ಬಾಲಕರು ಒಪ್ಪಿಲ್ಲ, ಅಷ್ಟೆ. ಆದಕಾರಣ ಅವರಿಗೆ ಅರ್ಧ ಅಂಕವನ್ನಾದರೂ ದಯಪಾಲಿಸತಕ್ಕದ್ದು.