ಶನಿವಾರಕ್ಕೆ ಸರಿದ ಹಬ್ಬ

ಅಮೆರಿಕದ ಕನ್ನಡಿಗರ ಹಬ್ಬಗಳನ್ನು ಪಂಚಾಂಗ ಸೂಚಿಸುತ್ತದೆ, ಶನಿವಾರ ನಿರ್ಧರಿಸುತ್ತದೆ. ಮಂಗಳವಾರದ ಯುಗಾದಿ ವಾರಾಂತ್ಯಕ್ಕೆ ಸರಿಯುತ್ತದೆ. ನವೆಂಬರ್ 1ರ ರಾಜ್ಯೋತ್ಸವ ಸಭಾಂಗಣ ಸಿಕ್ಕ ದಿನ, ಕೆಲವೊಮ್ಮೆ ದೀಪಾವಳಿಯನ್ನೂ ಜೊತೆಗೆ ಕಟ್ಟಿಕೊಂಡು ಬರುತ್ತದೆ. ಬಂಧುಗಳ ಜಾಗ ಗೆಳೆಯರದು: ಒಬ್ಬರ ಪಾಲಿಗೆ ಬಿಸಿಬೇಳೆ ಭಾತ್, ಇನ್ನೊಬ್ಬರಿಗೆ ಕೋಸಂಬರಿ, ಅಡುಗೆ ಬಾರದವರಿಗೆ ಯಾವತ್ತೂ ಕಾಗದದ ತಟ್ಟೆ. ಒಬ್ಬಟ್ಟು ಫ್ರೀಜರ್‌ನಿಂದ ಕಲ್ಲಾಗಿ ಇಳಿದು ಮೈಕ್ರೋವೇವ್‌ನಲ್ಲಿ ಮೆತ್ತಗಾಗುತ್ತದೆ. ಒಗ್ಗರಣೆ ಸಿಡಿದೊಡನೆ ಹೊಗೆಯ ಅಲಾರಂ ಮಂಗಳವಾದ್ಯ ಶುರುಮಾಡುತ್ತದೆ. ಟವೆಲ್ ಬೀಸಿ ಅದನ್ನು ಸುಮ್ಮನಾಗಿಸುವುದು ಎತ್ತರದ ಗೆಳೆಯನ ಸೇವೆ.

ಹುಟ್ಟುಹಬ್ಬದ ಕಥೆ ಬೇರೆ, ಅದು ಹಿಗ್ಗುತ್ತದೆ. ಬೇಸಿಗೆಯಲ್ಲಿ ಬೆಂಗಳೂರು ಕ್ಯಾಲಿಫೋರ್ನಿಯಾಕ್ಕಿಂತ ಹನ್ನೆರಡೂವರೆ ಗಂಟೆ ಮುಂದೆ. ಹೀಗಾಗಿ ಊರಿನ ಹಾರೈಕೆ ಹಿಂದಿನ ದಿನ ಬೆಳಗ್ಗೆ 11:30ಕ್ಕೇ ಬರುತ್ತದೆ, ಗೆಳೆಯರ ಕೇಕ್ ಮಧ್ಯರಾತ್ರಿಗೆ. ಒಟ್ಟು 36 ಗಂಟೆ 30 ನಿಮಿಷದ ಸಂಭ್ರಮ. ಏರುವ ವಯಸ್ಸು ಮಾತ್ರ ಒಂದೇ ವರ್ಷ.